ಉರಿಯದ ಕಣ್ಣು

ಅವರು ಅಂಗಿಯ ಎಡ ಜೇಬಿನಲ್ಲಿ ಒಂದು ಚಪ್ಪಟೆ ತಗಡಿನ ಡಬ್ಬಿ ಇಟ್ಟುಕೊಳ್ಳುತ್ತಿದ್ದರು. ಅದು ಸಿಗರೇಟಿನ ಡಬ್ಬಿ, ಆದರೆ ಅವರು ಸೇದುವವರಲ್ಲ. ಒಳಗೆ ಶುದ್ಧ ಮಾಡಿದ ಹತ್ತಿ ಇರುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಕೈ ತೊಳೆಯಲು ನೀರು ಕೇಳುವರು. ಆಮೇಲೆ ಡಬ್ಬಿ ತೆರೆದು, ಹತ್ತಿಯಿಂದ ಒಂದು ಎಳೆ ಬಿಡಿಸಿ, ಬೆರಳಲ್ಲಿ ಹೊಸೆದು ಚೂಪು ಮಾಡಿ, "ಮೇಲೆ ನೋಡಿ" ಎಂದು ಹೇಳಿ ಎದುರಿದ್ದವರ ಕಣ್ಣಿನ ಕಪ್ಪಿನ ಅಂಚಿಗೆ ಮುಟ್ಟಿಸುವರು. ಒಳ್ಳೆಯ ಕಣ್ಣು ತಟ್ಟನೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳದ ಕಣ್ಣುಗಳನ್ನು ಹುಡುಕಿಕೊಂಡು ಅವರು ಪ್ರತಿ ಭಾನುವಾರ ಮರ್ಫಿ ಟೌನಿನಿಂದ ಹೊರಡುತ್ತಿದ್ದರು. ಹಲಸೂರಿನ ಮಕ್ಕಳು "ಹತ್ತಿ ಡಾಕ್ಟ್ರು ಬಂದ್ರು" ಎಂದು ಹಿಂದೆ ಓಡುತ್ತಿದ್ದವು.

ಅವರು ಡಾಕ್ಟರಲ್ಲ. ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಆಸ್ಪತ್ರೆಯಲ್ಲಿ ಡ್ರೆಸ್ಸರ್. ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಎಲ್ಲರಿಗೂ ಅವರು 'ಡ್ರೆಸ್ಸರ್'.

ನಾನು ಅದೇ ಆಸ್ಪತ್ರೆಗೆ ನರ್ಸ್ ತರಬೇತಿಗೆ ಸೇರಿದ್ದು ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ. ಐದಕ್ಕೆ ಏಳುವುದು, ಐದೂಕಾಲಿಗೆ ಹಾಸಿಗೆಯ ಮೂಲೆ ಮಡಿಸುವುದು, ಆರಕ್ಕೆ ವಾರ್ಡಿನಲ್ಲಿ ನಿಲ್ಲುವುದು. ವಾರ್ಡು ಬಿಟ್ಟು ಉಳಿದದ್ದು ಈ ವಯಸ್ಸಿನಲ್ಲೂ ಹಾಗೇ ನಡೆದಿದೆ. ಇದನ್ನೆಲ್ಲ ಕಲಿಸಿದ್ದು ಮೇಟ್ರನ್ ಎಂದು ನನ್ನನ್ನು ಬಲ್ಲವರು ತಿಳಿದಿದ್ದಾರೆ. ಅರ್ಧ ಮಾತ್ರ ನಿಜ. ಮೇಟ್ರನ್ ನೋಡುತ್ತಿರುವಾಗ ಹೇಗೆ ಕೆಲಸ ಮಾಡಬೇಕೆಂದು ಮೇಟ್ರನ್ ಕಲಿಸಿದರು. ಯಾರೂ ನೋಡದಿರುವಾಗ ಹೇಗೆ ಮಾಡಬೇಕೆಂದು ಕಲಿಸಿದವರು ಇವರು.

ಮೊದಲ ದಿನವೇ ನನ್ನನ್ನು "ಸಿಸ್ಟರ್" ಎಂದು ಕರೆದರು. ನಾನಿನ್ನೂ ಕಲಿಯುವ ಹುಡುಗಿ, ಸಿಸ್ಟರ್ ಆಗಲು ಮೂರು ವರ್ಷ ಬೇಕಿತ್ತು. ಹಾಗೆ ಹೇಳಿದೆ.

"ಆಗ್ತೀರಲ್ವಾ? ಈಗಿಂದ್ಲೇ ಕರೆದ್ರೆ ನಂಗೂ ಅಭ್ಯಾಸ ಆಗುತ್ತೆ, ನಿಮಗೂ ಭಯ ಇರುತ್ತೆ" ಎಂದರು.

ಆಪರೇಷನ್ ಮುಗಿದಾಗ, ಗಾಯದೊಳಗೆ ಒಂದೂ ಉಳಿಯಬಾರದೆಂದು, ರಕ್ತ ಒರೆಸಿದ ಬಟ್ಟೆಯ ತುಂಡುಗಳನ್ನು ಅವರು ತಮಿಳಿನಲ್ಲಿ ಎಣಿಸುತ್ತಿದ್ದರು: ಒಣ್ಣು, ರೆಂಡು, ಮೂಣು. ಮನೆ ಮಾತು ತಮಿಳು, ಬೀದಿ ಮಾತು ಕನ್ನಡ, ಆಸ್ಪತ್ರೆಯಲ್ಲಿ ಇಂಗ್ಲಿಷ್. "ಲೆಕ್ಕ ತಪ್ಪಬಾರದ್ದನ್ನ ಅಮ್ಮನ ಮಾತಲ್ಲೇ ಎಣಿಸ್ಬೇಕು" ಎನ್ನುವರು. ಮರ್ಫಿ ಟೌನಿನ ಅವರ ಓಣಿಯಲ್ಲಿ ಕೆಲವು ಮನೆಗಳವರು ಹಿಂದಿನಿಂದಲೇ ಬೌದ್ಧರಾಗಿದ್ದರು. ಇವರೂ ಅವರಲ್ಲೊಬ್ಬರು; ಹುಣ್ಣಿಮೆಯ ದಿನ ಬಿಳಿ ಅಂಗಿ ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದರು. ಅದನ್ನು ಬಿಟ್ಟರೆ ಧರ್ಮದ ಮಾತು ಅವರ ಬಾಯಲ್ಲಿ ಕೇಳಿದ್ದು ಒಂದೇ ಸಲ: "ಲೋಕದಲ್ಲಿ ದುಃಖ ಇದೆ ಅಂತ ಬುದ್ಧರು ಹೇಳಿದ್ದು ನಮ್ಮ ವಾರ್ಡ್ ನೋಡ್ದೇನೇ. ನೋಡಿದ್ದಿದ್ರೆ ಅಲ್ಲಿಗೇ ನಿಲ್ಲಿಸ್ತಿದ್ರು, ಅದಕ್ಕೆ ಕೊನೆ ಇದೆ ಅನ್ನೋ ಮುಂದಿನ ಮಾತು ಹೇಳ್ತಿರ್ಲಿಲ್ಲ."

ಅವರ ವಶದಲ್ಲಿ ಒಂದು ಯಂತ್ರವಿತ್ತು. ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ, ಮುಂದೆ ಎರಡು ಗುಂಡಿ, ಕೆಳಗೆ ಕಾಲಲ್ಲಿ ಒತ್ತುವ ಹಲಗೆ. ರಕ್ತ ಒಸರುವಲ್ಲಿ ಸುಟ್ಟು ನಿಲ್ಲಿಸಲು ಬಳಸುವ ಡಯಾಥರ್ಮಿ ಯಂತ್ರ. ಅದಕ್ಕೆ ಅವರು "ಮಾವನೋರು" ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅವರ ಹೆಂಡತಿಯ ತಂದೆ ಜೊತೆಗಿದ್ದರಂತೆ. "ಇಬ್ರೂ ಒಂದೇ. ಉಪ್ಪುನೀರು ಕೇಳ್ತಾರೆ, ಗೊರಗೊರ ಅಂತಾರೆ, ಎಲ್ಲಿ ಸುಡ್ತಾರೆ ಗೊತ್ತಾಗಲ್ಲ." ಉಪ್ಪುನೀರಿನ ಮಾತು ನಿಜ. ರೋಗಿಯ ತೊಡೆಗೆ ಸೀಸದ ತಗಡೊಂದನ್ನು ಉಪ್ಪುನೀರಿನ ಬಟ್ಟೆಯಲ್ಲಿ ಸುತ್ತಿ ಕಟ್ಟಬೇಕಿತ್ತು. ಬಟ್ಟೆ ಒಣಗಿದರೆ ತೊಡೆ ಬೇಯುತ್ತಿತ್ತು. ಅವರು ಕಟ್ಟಿದ ಒಬ್ಬರ ತೊಡೆಯೂ ಬೇಯಲಿಲ್ಲ.

ಆ ಯಂತ್ರ ನಡೆಯುವಾಗ ಸುತ್ತಲಿನ ರೇಡಿಯೋಗಳ ದನಿ ಕೆಡುತ್ತಿತ್ತು. ನರ್ಸುಗಳ ಊಟದ ಕೋಣೆಯಲ್ಲಿ ಯುದ್ಧದ ಸುದ್ದಿ ಬರುತ್ತಿರುವಾಗ ಒಮ್ಮೆಗೇ ಗೊರ್ರೆಂದು ಶಬ್ದ ಶುರುವಾದರೆ, ಆಪರೇಷನ್ ಥಿಯೇಟರಿನಲ್ಲಿ ಡ್ರೆಸ್ಸರ್ ಹಲಗೆಯ ಮೇಲೆ ಕಾಲಿಟ್ಟರು ಎಂದರ್ಥ. "ಇಡೀ ದಂಡಿನಲ್ಲಿ ಯುದ್ಧ ನಿಲ್ಲಿಸೋ ಶಕ್ತಿ ಇರೋದು ನನ್ನ ಒಂದು ಕಾಲಿಗೆ" ಎಂದು ಅವರು ಹೇಳಿಕೊಳ್ಳುತ್ತಿದ್ದರು.

ಯುದ್ಧದ ಕೊನೆಯ ಹೊತ್ತಿಗೆ ಮಿಲಿಟರಿಯ ಒಬ್ಬ ಸರ್ಜನ್ ಬಂದರು. ಇಂಗ್ಲೆಂಡಿನವರು, ನರಗಳ ಕೆಲಸದಲ್ಲಿ ಪಳಗಿದ ಕೈ. ಅವರು ಗುರುವಾರಗಳಂದು ಊರಿನ ರೋಗಿಗಳನ್ನೂ ನೋಡುತ್ತಿದ್ದರು. ಮುಖದ ನರದ ನೋವಿಗೆ ಅವರಲ್ಲಿ ಒಂದು ದಾರಿ ಇತ್ತು. ಬಾಯಿಯ ಅಂಚಿನ ಪಕ್ಕದಿಂದ ಉದ್ದನೆಯ ಸೂಜಿಯನ್ನು ಕೆನ್ನೆಯೊಳಗೆ ತೂರಿಸಿ, ತಲೆಬುರುಡೆಯ ತಳದಲ್ಲಿರುವ ನರದ ಗಂಟಿಗೆ ಮುಟ್ಟಿಸಿ, ಮಾವನೋರ ವಿದ್ಯುತ್ತನ್ನು ಹರಿಸಿ ಅದನ್ನು ಸುಡುವುದು. ಈಗ ಅದಕ್ಕೆ ರೇಡಿಯೋ ಫ್ರೀಕ್ವೆನ್ಸಿ ಎನ್ನುತ್ತಾರೆ, ಶಾಖವನ್ನು ಅಳೆದು ಕೊಡುತ್ತಾರಂತೆ. ಆಗ ಅಳತೆ ಎಂದರೆ ಡಾಕ್ಟರ ಕೈ ಮತ್ತು ರೋಗಿಯ ಬಾಯಿ. ರೋಗಿ ಎಚ್ಚರವಾಗಿದ್ದು ಎಲ್ಲಿ ಸಿಡಿಯಿತು ಎಂದು ಹೇಳಬೇಕಿತ್ತು. ಸರ್ಜನ್‌ಗೆ ನಮ್ಮ ಮಾತು ಬರುತ್ತಿರಲಿಲ್ಲ. ಹಾಗಾಗಿ ಒಂದು ಕಾಲು ಹಲಗೆಯ ಮೇಲೆ, ಒಂದು ಕೈ ರೋಗಿಯ ಕೈಯಲ್ಲಿ ಇಟ್ಟುಕೊಂಡು, ಎರಡೂ ಕಡೆಯ ಮಾತನ್ನು ದಾಟಿಸುವ ಕೆಲಸವೂ ಡ್ರೆಸ್ಸರದೇ ಆಯಿತು.

ಆ ನೋವು ನನ್ನ ಅಮ್ಮನಿಗಿತ್ತು.

ಅಮ್ಮ ಸೊಪ್ಪು ಮಾರುತ್ತಿದ್ದವಳು. ಹಲಸೂರಿನ ನಮ್ಮ ಮನೆಯ ಹಿಂದಿನ ಮಡಿಗಳಲ್ಲಿ ಬೆಳೆದದ್ದನ್ನು ಬುಟ್ಟಿಯಲ್ಲಿ ಹೊತ್ತು, ಈಗಿನ ಶಿವಾಜಿನಗರದ ಮಾರ್ಕೆಟ್ಟಿನ ಎದುರು ಕೂರುತ್ತಿದ್ದಳು. ಬೀದಿಯ ಕೊನೆಯವರೆಗೆ ಕೇಳುವ ಗಂಟಲು. ನಾನು ಹದಿನೆಂಟರವಳಿದ್ದಾಗ ಬಲಗೆನ್ನೆಯಲ್ಲಿ ಮಿಂಚು ಹೊಡೆದಂಥ ನೋವು ಶುರುವಾಯಿತು. ಬಾಯಿ ತೆರೆದರೆ ಹೊಡೆಯುತ್ತಿತ್ತು, ಗಾಳಿ ಬೀಸಿದರೆ ಹೊಡೆಯುತ್ತಿತ್ತು. ಹಲ್ಲು ಕೀಳುವವನೊಬ್ಬ ರಸ್ತೆಬದಿಯಲ್ಲಿ ಕೂರಿಸಿ ಎರಡು ಒಳ್ಳೆಯ ಹಲ್ಲು ಕಿತ್ತ. ನೋವು ಹೋಗಲಿಲ್ಲ. ಕೂಗುವುದನ್ನು ಬಿಟ್ಟು ಹಿತ್ತಾಳೆ ತಟ್ಟೆ ಬಡಿದು ಸೊಪ್ಪು ಮಾರಿದಳು. ಗಂಜಿಯನ್ನು ಎಡಬದಿಯಿಂದ ಹೀರುತ್ತಿದ್ದಳು. ನಾಲ್ಕು ವರ್ಷ ಬಲಗಡೆಯ ಮುಖಕ್ಕೆ ನೀರು ಸೋಕಿಸಲಿಲ್ಲ, ಆ ಕಡೆಯ ಕೂದಲು ಬಾಚಲಿಲ್ಲ. ಕೂದಲು ಗಂಟುಕಟ್ಟಿ ಹಗ್ಗದಂತಾಗಿತ್ತು. ಸೀರೆಯ ಸೆರಗನ್ನು ಕೆನ್ನೆಯಿಂದ ಒಂದು ಗೇಣು ದೂರ ಹಿಡಿದುಕೊಂಡು ನಡೆಯುತ್ತಿದ್ದಳು.

"ಬಾವಿಗೆ ಬೀಳ್ತೀನಿ ಅಂದ್ರೆ ನೀನು ಬೈತೀಯ. ಬೀಳೋದಕ್ಕೂ ಗಾಳಿ ಬಡೀತೈತೆ ಅಂತ ಸುಮ್ನಿದೀನಿ" ಎಂದಳು ಒಮ್ಮೆ.

ಡ್ರೆಸ್ಸರಿಗೆ ಹೇಳಿದೆ. ಅವರೇ ಸರ್ಜನ್ ಬಳಿ ಮಾತಾಡಿ ಗುರುವಾರ ಗೊತ್ತುಮಾಡಿದರು.

ಮನೆಯವರು ಥಿಯೇಟರಿನೊಳಗೆ ಇರಬಾರದೆಂಬುದು ನಿಯಮ. ನಾನು ಊಟದ ಕೋಣೆಯಲ್ಲಿ ರೇಡಿಯೋದ ಮುಂದೆ ಕೂತೆ. ಹತ್ತು ಗಂಟೆ ದಾಟಿದ ಮೇಲೆ ಸುದ್ದಿ ಓದುವವನ ದನಿ ಮುಳುಗಿ ಗೊರ್ರೆಂದಿತು. ನಿಂತಿತು. ಮತ್ತೆ ಗೊರ್ರೆಂದಿತು. ಮೂರನೆಯ ಸಲದ್ದು ಉದ್ದವಾಗಿತ್ತು. ಅಮ್ಮನ ಕೆನ್ನೆಯೊಳಗಿನ ಬೆಂಕಿಯನ್ನು ನಾನು ಹಾಗೆ ಕಿವಿಯಿಂದ ಕೇಳಿದೆ.

ಒಳಗೆ ನಡೆದದ್ದನ್ನು ಡ್ರೆಸ್ಸರ್ ಆಮೇಲೆ ಹೇಳಿದರು. "ಎಲ್ಲಿ ಅಕ್ಕಾ? ತುಟೀನಾ, ಕೆನ್ನೇನಾ, ಹಣೇನಾ?" ಎಂದು ಅವರು ಕೇಳಿದರೆ ಅಮ್ಮ, "ನಿನ್ನ ಕಾಲು ಎಲ್ಲಿಟ್ಟಿದೀಯ ತಮ್ಮಾ, ಅಲ್ಲಿಂದ ತೆಗಿ ಮೊದ್ಲು!" ಎಂದು ಕಿರುಚಿದಳಂತೆ.

ಅದೇ ಮಧ್ಯಾಹ್ನ ಅಮ್ಮ ಬಲಗೆನ್ನೆಯನ್ನು ಬೆರಳಿಂದ ಮುಟ್ಟಿಕೊಂಡಳು. ಹಿಂಡಿಕೊಂಡಳು. ಹೊಡೆದುಕೊಂಡಳು. ನಕ್ಕಳು. ಬಲಗಡೆಯ ತುಟಿ ಸರಿಯಾಗಿ ಏಳಲಿಲ್ಲ, ಆದರೂ ನಕ್ಕಳು. ಆಪರೇಷನ್ ಪುಸ್ತಕದಲ್ಲಿ ಸರ್ಜನ್ ಅವಳ ಸಾಲಿನ ಮುಂದೆ 'ನೋವಿಲ್ಲ' ಎಂದು ಬರೆದರು.

ಹಣೆಗೂ ಕಣ್ಣಿಗೂ ಹೋಗುವ ನರವೂ ಸುಟ್ಟಿತ್ತು. ಬಲಗಣ್ಣಿಗೆ ಏನು ತಾಗಿದರೂ ಇನ್ನು ತಿಳಿಯುವುದಿಲ್ಲ, ಅದನ್ನು ಕಾಯಬೇಕು ಎಂದು ಸರ್ಜನ್ ಹೇಳಿದರು. ಡ್ರೆಸ್ಸರ್ ಒಂದೊಂದನ್ನೂ ಎರಡೆರಡು ಸಲ ಅಮ್ಮನಿಗೆ ದಾಟಿಸಿದರು. ಕಣ್ಣಿಗೆ ಮುಚ್ಚಳ ಕಟ್ಟಿರಬೇಕು. ಧೂಳಿಗೆ ಹೋಗಬಾರದು. ಒಲೆ ಊದಬಾರದು. ದಿನಕ್ಕೆ ಮೂರು ಸಲ ಬೋರಿಕ್ ನೀರಲ್ಲಿ ತೊಳೆಯಬೇಕು. ಅಮ್ಮ ಎಲ್ಲಕ್ಕೂ ತಲೆಯಾಡಿಸಿ ಒಂದೇ ಪ್ರಶ್ನೆ ಕೇಳಿದಳು.

"ತಲೆಗೆ ನೀರು ಹಾಕ್ಕೋಬೋದಾ ತಮ್ಮಾ? ಆಸ್ಪತ್ರೆಯಿಂದ ಹೋದೋಳು ಹಂಗೇ ಅಡಿಗೆಮನೆಗೆ ಹೋಗಂಗಿಲ್ಲ. ನಾಲ್ಕು ವರ್ಷದ ಕೊಳೆ ಬೇರೆ."

ಡ್ರೆಸ್ಸರ್ ಸರ್ಜನ್‌ರನ್ನು ಕೇಳಿದರು, ಸ್ನಾನ ಮಾಡಬಹುದೇ ಎಂದು. ಆಗಬಹುದು ಎಂದರು ಸರ್ಜನ್. ಅವರ ತಲೆಯಲ್ಲಿದ್ದ ಸ್ನಾನ ಬೇರೆ, ಅಮ್ಮ ಕೇಳಿದ ಸ್ನಾನ ಬೇರೆ. ನಡುವೆ ನಿಂತಿದ್ದವರಿಗೆ ಎರಡೂ ಗೊತ್ತಿತ್ತು, ಆದರೆ ಆ ಕ್ಷಣ ಹೊಳೆಯಲಿಲ್ಲ. ಖುಷಿಯಲ್ಲಿದ್ದರು.

"ಧಾರಾಳವಾಗಿ ಹಾಕ್ಕೊಳ್ಳಿ ಅಕ್ಕಾ" ಎಂದರು.

ಶುಕ್ರವಾರ ಅಮ್ಮನನ್ನು ಮನೆಗೆ ಕಳಿಸಿದರು. ನನಗೂ ಅರ್ಧ ದಿನ ರಜೆ. ಹಂಡೆಯಲ್ಲಿ ನೀರು ಕಾಯಿಸಿದೆ. ಹರಳೆಣ್ಣೆ ಹಚ್ಚಿ ಕೂದಲಿನ ಗಂಟುಗಳನ್ನು ಒಂದೊಂದಾಗಿ ಬಿಡಿಸಿದೆ. ಕಣ್ಣಿನ ಮುಚ್ಚಳ ನೆನೆಯುತ್ತದೆಂದು ಬಿಚ್ಚಿ ಗೂಟಕ್ಕೆ ತಗುಲಿಹಾಕಿದೆ. ನಾನು ನರ್ಸ್, ಮಡಿಕೆ ತಪ್ಪದಂತೆ ಹಾಸಿಗೆ ಹಾಸುವವಳು. ಬಟ್ಟಲಿನಲ್ಲಿ ಸೀಗೆಪುಡಿ ಕಲಸಿ ಎರಡು ಕೈಯಲ್ಲೂ ತಿಕ್ಕಿದೆ. ಚಿಕ್ಕಂದಿನಲ್ಲಿ ಅಮ್ಮ ನನಗೆ ಹೀಗೆ ತಿಕ್ಕುವಾಗ ಕಣ್ಣುರಿ ಎಂದು ನಾನು ಓಣಿ ಕಿತ್ತುಹೋಗುವಂತೆ ಅರಚುತ್ತಿದ್ದೆ. ಅಮ್ಮ ಅರಚಲಿಲ್ಲ. ಮುಖದ ಮೇಲೆ ಸೀಗೆಯ ನೀರು ಇಳಿಯುತ್ತಿದ್ದರೂ ಕಣ್ಣು ಅರೆತೆರೆದು ಸುಮ್ಮನೆ ಕೂತಿದ್ದಳು. ಎಷ್ಟು ಹಾಯಾಗಿದ್ದಾಳೆ ಎಂದುಕೊಂಡೆ.

ನಾನು ಸಂಜೆ ಕೆಲಸಕ್ಕೆ ಮರಳಿದೆ. ಮರುದಿನ ಕಣ್ಣು ಕೆಂಪಾದದ್ದನ್ನು ಅಮ್ಮ ಕನ್ನಡಿಯಲ್ಲಿ ನೋಡಿದಳಂತೆ. ನೋವಿಲ್ಲವಲ್ಲ ಎಂದು ಮತ್ತೆ ಮುಚ್ಚಳ ಕಟ್ಟಿಕೊಂಡಳು. ಸೋಮವಾರ ಡ್ರೆಸ್ಸಿಂಗಿಗೆ ಬಂದಾಗ ಡ್ರೆಸ್ಸರ್ ಮುಚ್ಚಳ ತೆಗೆದರು. ಕಪ್ಪಿನ ಮೇಲೆ ಹಾಲಿನ ಕೆನೆಯಂಥ ಬಿಳುಪು ಬಂದಿತ್ತು. ನಾನು ತಟ್ಟೆ ಹಿಡಿದಿದ್ದೆ. ಅವರು ರೆಪ್ಪೆ ಮಗುಚಿ ಬೋರಿಕ್ ನೀರು ಬಿಟ್ಟರು. ನೀರಿನ ಜೊತೆ ಸಣ್ಣ ಸಣ್ಣ ಕಂದು ಕಣಗಳು ತಟ್ಟೆಗೆ ಬಂದವು. ಅವರು ಅದನ್ನು ನೋಡಿದರು. ಬಾಚಿ ಹೆಣೆದಿದ್ದ ಅಮ್ಮನ ಕೂದಲನ್ನು ನೋಡಿದರು. ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಮೋರಿಗೆ ಸುರಿದರು.

ಮೇಟ್ರನ್ ಬಂದು ಏನಾಯಿತೆಂದು ಕೇಳಿದರು. ರೋಗಿಯ ಬಗ್ಗೆ ಕೊಟ್ಟ ಸೂಚನೆಯನ್ನು ಮೀರಿದ ತರಬೇತಿಯ ಹುಡುಗಿಯನ್ನು ಅದೇ ದಿನ ಮನೆಗೆ ಕಳಿಸುತ್ತಿದ್ದ ಕಾಲ.

"ಧೂಳು ಮೇಡಂ" ಎಂದರು ಡ್ರೆಸ್ಸರ್. "ಮುಚ್ಚಳ ನಾನು ಸಡಿಲ ಕಟ್ಟಿದ್ದೆ."

ಕಣ್ಣು ಹೋಯಿತು. ರೆಪ್ಪೆಗಳನ್ನು ಸೇರಿಸಿ ಹೊಲಿದರು. ಡ್ರೆಸ್ಸರನ್ನು ಥಿಯೇಟರಿನಿಂದ ತೆಗೆದು ಹೊರರೋಗಿಗಳ ಕೋಣೆಗೆ ಹಾಕಿದರು. ಮಾವನೋರನ್ನು ಬೇರೆಯವರು ನೋಡಿಕೊಂಡರು. ಹೆಡ್ ಡ್ರೆಸ್ಸರ್ ಆಗುವುದಿತ್ತು, ಅದೂ ಆಗಲಿಲ್ಲ. ಅವರು ನಿಜವಾಗಿಯೂ ಧೂಳೆಂದೇ ತಿಳಿದಿದ್ದಾರೆ ಎಂದು ನಾನು ನನಗೆ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದು ಸುಲಭವಿತ್ತು. ನನ್ನ ಕೆಲಸ ಉಳಿಯಿತು.

ಅದಾದ ಮೇಲೆಯೇ ತಗಡಿನ ಡಬ್ಬಿ ಬಂದದ್ದು. ಸೂಜಿ ಹಾಕಿಸಿಕೊಂಡವರ ಮನೆಗಳನ್ನೆಲ್ಲ ಅವರು ಹುಡುಕಿ ಹೋಗತೊಡಗಿದರು. ಕೇಳಿದರೆ, "ನೋವು ಹೋಯ್ತು ಅಂತ ಪುಸ್ತಕದಲ್ಲಿದೆ. ಅದರ ಜೊತೆ ಇನ್ನೇನು ಹೋಯ್ತು ನೋಡ್ಬೇಕಲ್ವಾ" ಎಂದರು. ಶಿವಾಜಿನಗರದ ದರ್ಜಿಯೊಬ್ಬರು ಕಾಣುವಾಗಲೆಲ್ಲ ತಬ್ಬಿಕೊಳ್ಳುತ್ತಿದ್ದರಂತೆ. ಅವರ ಬಾಯಿಂದ ಚಹಾ ಸೋರುತ್ತಿತ್ತು, ಒಳಗೆನ್ನೆಯನ್ನು ತಾವೇ ಕಚ್ಚಿ ಹುಣ್ಣು ಮಾಡಿಕೊಂಡಿದ್ದರು, ಆದರೂ ತಬ್ಬಿಕೊಳ್ಳುತ್ತಿದ್ದರು. ಒಂದು ವರ್ಷದ ಮೇಲೆ ಅವರಿಗೆ ನೋವು ತಿರುಗಿ ಬಂತು. "ಇವತ್ತು ಬಾಗಿಲೇ ತೆಗೀಲಿಲ್ಲ" ಎಂದರು ಡ್ರೆಸ್ಸರ್. ಗರುಡಾಚಾರ್‌ಪಾಳ್ಯದ ರೈತನಿಗೂ ಬಂತು. ಕೃಷ್ಣರಾಜಪುರದ ಒಬ್ಬ ಮುದುಕಿಗೆ ಬರಲಿಲ್ಲ. ಅಷ್ಟರಲ್ಲಿ ಅವಳೇ ಹೋಗಿದ್ದಳು.

ಸರ್ಜನ್ ಊರಿಗೆ ಹೊರಡುವ ವಾರ ಡ್ರೆಸ್ಸರ್ ಇದನ್ನೆಲ್ಲ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ತೆಗೆದುಕೊಂಡು ಹೋದರು. ತಪ್ಪಿದ ಸ್ಪೆಲ್ಲಿಂಗುಗಳನ್ನು ನಾನೇ ತಿದ್ದಿದ್ದೆ. ಸರ್ಜನ್ ನಿಂತೇ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಕೈಕುಲುಕಿ, ಹಾಳೆಯನ್ನು ತುಂಬುತ್ತಿದ್ದ ಪೆಟ್ಟಿಗೆಯ ಪಕ್ಕ ಇಟ್ಟರು. ಪೆಟ್ಟಿಗೆಗೆ ಬೀಗ ಬಿದ್ದಾಗ ಆಪರೇಷನ್ ಪುಸ್ತಕ ಒಳಗಿತ್ತು, ಹಾಳೆ ಹೊರಗಿತ್ತು.

"ಮರೆತ್ರಾ?" ಎಂದು ಡ್ರೆಸ್ಸರನ್ನು ಕೇಳಿದೆ.

"ಇಲ್ಲ. ಜಾಗ ಇರ್ಲಿಲ್ಲ" ಎಂದರು. ಆ ಹಾಳೆ ಮಡಿಸಿಕೊಂಡು ಡಬ್ಬಿಯ ತಳಕ್ಕೆ ಸೇರಿತು, ಹತ್ತಿಯ ಕೆಳಗೆ.

ಭಾನುವಾರ ಅವರು ನಮ್ಮ ಮನೆಗೆ ಬರುವುದು ಹನ್ನೊಂದು ಗಂಟೆಗೆ, ಒಂದು ನಿಮಿಷ ಆಚೆ ಈಚೆ ಇಲ್ಲ. ಅಮ್ಮ ಜಗಲಿಗೆ ಬಂದು ಕೂರುತ್ತಿದ್ದಳು. ಉಳಿದ ಎಡಗಣ್ಣನ್ನು ಹತ್ತಿಯಿಂದ ಮುಟ್ಟಿ ನೋಡುವರು. "ಇದು ಚೆನ್ನಾಗಿದೆ, ಇದನ್ನ ಬಿಡ್ಬೇಡಿ ಅಕ್ಕಾ." "ಬಿಡಕ್ಕೆ ಇದೇನ್ ಸೊಪ್ಪಾ?" ಎನ್ನುವಳು ಅಮ್ಮ. ಜಗಲಿಯ ಗೋಡೆಯ ಗೂಡಿನಲ್ಲಿ ಅವರಿಗೆಂದು ಒಂದು ಬೇರೆ ಲೋಟ ಇತ್ತು. ಅಮ್ಮ ಮೇಲಿನಿಂದ ನೀರು ಹುಯ್ಯುವಳು. ಅವರು ಕುಡಿದು, ತಾವೇ ತೊಳೆದು, ಗೂಡಿನಲ್ಲಿ ಬೋರಲು ಹಾಕುವರು. ಕಣ್ಣು ಮುಟ್ಟಬಹುದಿತ್ತು, ಒಳಗಿನ ಲೋಟ ಮುಟ್ಟುವಂತಿರಲಿಲ್ಲ. ಆ ಲೋಟ ಕೊನೆಯವರೆಗೂ ಗೂಡಿನಲ್ಲೇ ಇತ್ತು. ನಾನು ಅದನ್ನು ಒಳಗೆ ತರಲಿಲ್ಲ. ಬರೆಯಲು ಕೂತ ಮೇಲೆ ಇದನ್ನೂ ಬರೆಯಬೇಕು.

ಎರಡನೆಯ ವರ್ಷ ಅಮ್ಮನ ನೋವು ಬಂತು. ಹಳೆಯ ಮಿಂಚಲ್ಲ. ಬಲಗೆನ್ನೆಯನ್ನು ಗಿಲ್ಲಿದರೂ ತಿಳಿಯದು, ಅದರೊಳಗೇ ಹಗಲೂ ರಾತ್ರಿ ಕೆಂಡ.

"ಕೆನ್ನೆ ಇಲ್ಲ ತಮ್ಮಾ, ಉರಿ ಮಾತ್ರ ಐತೆ" ಎಂದಳು. "ಇನ್ನೊಂದ್ಸಲ ಸೂಜಿ ಹಾಕಿದ್ರೆ?"

"ಸುಡೋಕೆ ಇನ್ನೇನೂ ಉಳಿದಿಲ್ಲ ಅಕ್ಕಾ. ಇದಕ್ಕೆ ಔಷಧ ಇಲ್ಲ."

ನನಗೆ ಸಿಟ್ಟು ಬಂತು. ಅವರನ್ನು ಬಾಗಿಲಾಚೆ ತಡೆದು, ಹಾಗೆ ಹೇಳಬಹುದಾ ಎಂದು ಕೇಳಿದೆ. ಅವರು ಉತ್ತರಿಸುವ ಮೊದಲೇ ಜಗಲಿಯಿಂದ ಅಮ್ಮ ಕೂಗಿದಳು, "ಬಿಡೇ ಅವನ್ನ. ನಿಜ ಹೇಳೋನು ಇವನೊಬ್ಬ ಸಿಕ್ಕವ್ನೆ." ಡ್ರೆಸ್ಸರ್ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ.

ಸ್ವಾತಂತ್ರ್ಯ ಬಂತು. ಪೇಟೆಯಲ್ಲೂ ದಂಡಿನಲ್ಲೂ ದೀಪ ಹಚ್ಚಿದರು. ಅಮ್ಮ ಬೆಳಕಿಗೆ ಬೆನ್ನು ಮಾಡಿ ಮಲಗಿದ್ದಳು. ಮಾವನೋರೂ ಒಂದು ದಿನ ಗೊರಗೊರ ನಿಲ್ಲಿಸಿದರು; ಯಂತ್ರದ ಬಿಡಿಭಾಗ ತರಿಸುವವರಿರಲಿಲ್ಲ. ಊಟದ ಕೋಣೆಯ ರೇಡಿಯೋ ಈಗ ಸ್ಪಷ್ಟವಾಗಿ ಹಾಡುತ್ತಿತ್ತು. ನಾನು ಸಿಸ್ಟರ್ ಆದೆ. ಆ ದಿನ ಡ್ರೆಸ್ಸರ್ ನನ್ನನ್ನು ಕಂಡು, "ಅಭ್ಯಾಸ ಆಗಿದೆ ನೋಡಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅಮ್ಮ ಇನ್ನೊಂದು ವರ್ಷ ಇದ್ದಳು. ಊಟ ಬಿಟ್ಟಳು, ಮಾತು ಬಿಟ್ಟಳು. ಭಾನುವಾರ ಹನ್ನೊಂದಕ್ಕೆ ಮಾತ್ರ ಗೋಡೆ ಹಿಡಿದು ಜಗಲಿಗೆ ಬರುವಳು. ಮಾಡುವುದೇನೂ ಇಲ್ಲದಿದ್ದರೂ ಡ್ರೆಸ್ಸರ್ ಬರುವರು. ಎಡಗಣ್ಣು ಮುಟ್ಟಿ ನೋಡಿ, ಅರ್ಧ ಗಂಟೆ ಕೂತು, ಲೋಟ ತೊಳೆದಿಟ್ಟು ಹೋಗುವರು.

ಅವಳು ತೀರಿಕೊಂಡದ್ದು ಒಂದು ಬುಧವಾರದ ಬೆಳಿಗ್ಗೆ. ಹೇಳಿಕಳಿಸಿದೆ. ಅಂಗಳದಲ್ಲಿ ಹಲಗೆಯ ಮೇಲೆ ಅಮ್ಮನನ್ನು ಕೂರಿಸಿ ಕೊನೆಯ ನೀರು ಹಾಕಲು ಹೆಂಗಸರು ಸೇರಿದ್ದರು. ಡ್ರೆಸ್ಸರ್ ಬಂದು, ನಮ್ಮ ಓಣಿಯಲ್ಲಿ ತಾವು ಎಲ್ಲಿ ನಿಲ್ಲಬೇಕೋ ಅಲ್ಲಿ, ಬೇಲಿಯ ಆಚೆ ನಿಂತರು. ಅಂದು ಹುಣ್ಣಿಮೆಯಲ್ಲ, ಆದರೂ ಬಿಳಿ ಅಂಗಿ ಹಾಕಿದ್ದರು.

ನಮ್ಮಲ್ಲಿ ಹೊರಡುವವರ ತಲೆಗೆ ಎಣ್ಣೆ, ಸೀಗೆ ಹಚ್ಚುತ್ತಾರೆ. ಹಚ್ಚಬೇಕಾದವಳು ಮಗಳು. ಚಿಕ್ಕಮ್ಮ ಬಟ್ಟಲು ತಂದು ನನ್ನ ಕೈಗೆ ಕೊಟ್ಟಳು. ಎಣ್ಣೆ ಹಚ್ಚಿದೆ. ಸೀಗೆಪುಡಿಯಲ್ಲಿ ಬೆರಳದ್ದಿದ ಮೇಲೆ ಕೈ ಏಳಲಿಲ್ಲ.

"ಹಾಕೇ, ಹೊತ್ತಾಗುತ್ತೆ" ಎಂದಳು ಚಿಕ್ಕಮ್ಮ.

ಕೈ ಏಳಲಿಲ್ಲ. ಅಮ್ಮನ ಬಲರೆಪ್ಪೆಯ ಮೇಲಿನ ಹೊಲಿಗೆಯ ಗುರುತನ್ನೇ ನೋಡುತ್ತ ನಿಂತೆ. ಹೆಂಗಸರು ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆಗ ಬೇಲಿಯ ಆಚೆಯಿಂದ ಅವರ ದನಿ ಬಂತು. ಥಿಯೇಟರಿನಲ್ಲಿ ರೋಗಿಯ ಕೈ ಹಿಡಿದು ಮಾತಾಡುತ್ತಿದ್ದ ಅದೇ ದನಿ.

"ಹಾಕಿ ಸಿಸ್ಟರ್. ಈಗ ಉರಿಯಲ್ಲ."

ಹಾಕಿದೆ. ಅಂದೂ ಉರಿದಿರಲಿಲ್ಲ.